ಮೋರಿ ದೊರೆಯ ಕೊನೆಯ ಮೆರವಣಿಗೆ

"ಹಿಂದೆ ಬನ್ನಿ, ಹಿಂದೆ ಬನ್ನಿ, ಇನ್ನೂ ಸ್ವಲ್ಪ... ಅಯ್ಯೋ, ನಿಲ್ಸಿ ನಿಲ್ಸಿ!"

ಸರ್ಕಾರಿ ಶವವಾಹನದ ಮೂತಿ ಬೀದಿಯ ಬಾಯಲ್ಲಿ ನೆಟ್ಟಿದ್ದ ಎರಡು ಕಬ್ಬಿಣದ ಕಂಬಗಳ ನಡುವೆ ಸಿಕ್ಕಿಕೊಂಡಿತ್ತು. ಮುಂದೆ ಹೋದರೆ ಕನ್ನಡಿ ಮುರಿಯುತ್ತದೆ, ಹಿಂದೆ ಬಂದರೆ ಹೂವಿನ ಅಲಂಕಾರ ಕಿತ್ತು ಬರುತ್ತದೆ. ಡ್ರೈವರ್ ಬೆವರಿನಲ್ಲಿ ತೊಯ್ದುಹೋಗಿದ್ದ. ಅದರ ಹಿಂದೆ ಮಂತ್ರಿಗಳ ಕಾರು, ಅದರ ಹಿಂದೆ ಪೊಲೀಸ್ ಜೀಪು, ಅದರ ಹಿಂದೆ ಬ್ಯಾಂಡಿನವರ ವ್ಯಾನು. ಬಾಲ ಎಲ್ಲಿ ಮುಗಿಯುತ್ತಿತ್ತೋ ಯಾರಿಗೂ ಕಾಣುತ್ತಿರಲಿಲ್ಲ.

"ಯಾರ್ರೀ ಈ ಕಂಬ ನೆಟ್ಟಿದ್ದು?" ಮಂತ್ರಿಗಳ ಆಪ್ತ ಕಾರ್ಯದರ್ಶಿ ಕಾರಿನಿಂದ ತಲೆ ಹೊರಹಾಕಿ ಗದರಿದ.

"ಸತ್ತವರೇ," ಎಂದ ಕೊರಳಿಗೆ ಅಳತೆ ಟೇಪು ಹಾಕಿಕೊಂಡಿದ್ದ ದರ್ಜಿ. "ದೊಡ್ಡ ಗಾಡಿ ಒಳಗೆ ಬರ್ಬಾರ್ದು, ಯಾರಪ್ಪಂದಾದ್ರೂ ಸರಿ ಅಂತ ಹೇಳಿ ನೆಡಿಸಿದ್ರು."

ಹಿಂದಿನ ಸೀಟಿನಲ್ಲಿದ್ದ ಅಕ್ಕ ಬಾಗಿಲು ತೆಗೆದು ಇಳಿದರು. ಅವರು ಮಂತ್ರಿ. ದೇಶವೆಲ್ಲ ಅವರನ್ನು 'ಅಕ್ಕ' ಎಂದೇ ಕರೆಯುತ್ತಿತ್ತು. ಹಾಗೆ ಕರೆಯುವ ನಿಜವಾದ ಹಕ್ಕು ಇದ್ದವನು ಒಬ್ಬನೇ. ಅವನು ಮಾತ್ರ ಮಾತು ಬಂದಾಗಿನಿಂದ ಅವರನ್ನು 'ಏ ಕೋತಿ' ಎನ್ನುತ್ತಿದ್ದ. ಅವನು ಈಗ ಬೀದಿಯ ಕೊನೆಯ ಮನೆಯಲ್ಲಿ, ನಡುಮನೆಯ ಮೇಜಿನ ಮೇಲೆ, ಪೆಟ್ಟಿಗೆಯಲ್ಲಿ ಮಲಗಿದ್ದ.

ತಾತ ದೇಶ ಕಟ್ಟಿದವರು. ಅಪ್ಪ ಆ ದೇಶಕ್ಕೆ ಸುಣ್ಣಬಣ್ಣ ಹೊಡೆಸಿದವರು. ತಾತನ ವಿಗ್ರಹವಿಲ್ಲದ ಚೌಕವಿರಲಿಲ್ಲ, ಅಪ್ಪನ ಹೆಸರಿಲ್ಲದ ಸೇತುವೆಯಿರಲಿಲ್ಲ. ತಮ್ಮನ ಹೆಸರು ಮಾತ್ರ ಒಂದೇ ಕಡೆ ಇತ್ತು, ಈ ಬೀದಿಯ ಸಾರ್ವಜನಿಕ ಶೌಚಾಲಯದ ಬಾಗಿಲ ಮೇಲೆ. ಅದೂ 'ದೂರುಗಳಿದ್ದಲ್ಲಿ' ಎಂಬುದರ ಕೆಳಗೆ. ಅದನ್ನು ಓದಿಕೊಂಡೇ ಅಕ್ಕ ನಡೆದು ಹೋದರು.

"ಬನ್ನಿ ಅತ್ತಿಗೆ," ಎಂದಳು ತಮ್ಮನ ಹೆಂಡತಿ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಳಾದವಳು. ಅತ್ತು ಮುಗಿಸಿ, ಮುಖ ತೊಳೆದು, ಬಂದವರಿಗೆಲ್ಲ ನೀರು ಕೊಡಿಸುತ್ತಿದ್ದಳು. "ನೋಡ್ಕೊಂಡು ಹೆಜ್ಜೆ ಇಡಿ, ನೆಲ ಈಗಷ್ಟೇ ಒರೆಸಿದ್ದು."

ಅಕ್ಕ ತಮ್ಮನ ಮುಖ ನೋಡಿದರು. ಇನ್ನೇನು ಒಂದು ಜೋಕು ಹೇಳುವವನ ಹಾಗೆ ತುಟಿಯ ಒಂದು ತುದಿ ಮೇಲಕ್ಕೆ ಎದ್ದಿತ್ತು. ಕುರ್ಚಿಯಲ್ಲಿ ಕುಸಿದು ಕೂತವರು, ಮಂತ್ರಿಯ ದನಿ ತಂದುಕೊಂಡು ಹೇಳಿದರು: "ಸ್ಮಾರಕ ಉದ್ಯಾನದಲ್ಲಿ ಎಲ್ಲಾ ಸಿದ್ಧ ಮಾಡ್ಸಿದೀನಿ. ತಾತನ ಪಕ್ಕದಲ್ಲೇ ಜಾಗ. ಸಕಲ ಗೌರವ, ಬ್ಯಾಂಡು, ಗುಂಡಿನ ವಂದನೆ."

"ಅವರಿಗೆ ಪಟಾಕಿ ಸದ್ದಾದ್ರೇನೇ ಆಗ್ತಿರ್ಲಿಲ್ಲ," ಎಂದಳು ಹೆಂಡತಿ. "ಇಲ್ಲೇ ವಾರ್ಡಿನ ಸ್ಮಶಾನದಲ್ಲಿ ಮಣ್ಣು ಮಾಡಿ ಅಂದಿದ್ರು. ಜಾಗಾನೂ ತೋರ್ಸಿದ್ರು, ನೀರು ನಿಲ್ಲದ ಕಡೆ."

"ಅದು ಅವನಿಗೆ ಸೇರಬೇಕಾದ ಜಾಗ ಕಣೇ. ಬದುಕಿದ್ದಾಗಂತೂ ಸಿಗಲಿಲ್ಲ, ಈಗಲಾದ್ರೂ ಸಿಗ್ಲಿ."

ಹೆಂಡತಿ ಇನ್ನೊಬ್ಬರಿಗೆ ನೀರಿನ ಲೋಟ ಚಾಚಿದಳು. ಅಕ್ಕನ ಕಣ್ಣು ಗೋಡೆಯ ಕಡೆಗೆ ಹೊರಳಿತು. ಅವನಿಗೆ ಆ ಜಾಗ ಸಿಗಲೇಬೇಕೆಂಬ ಈ ಹಟ ಎಲ್ಲಿಂದ ಬಂದದ್ದೆಂದು ಅವರಿಗೊಬ್ಬರಿಗೇ ಗೊತ್ತಿತ್ತು.

*

ಅಪ್ಪ ತೀರಿಕೊಂಡ ವರ್ಷ. ಪಕ್ಷದ ಹಿರಿಯರು ತಮ್ಮನಿಗೆ ತಾತನ ಕೋಟು ತೊಡಿಸಿ, ಕನ್ನಡಿಯ ಮುಂದೆ ನಿಲ್ಲಿಸಿ, "ಥೇಟ್ ಅವರೇ!" ಎಂದು ಕಣ್ಣೊರೆಸಿಕೊಂಡಿದ್ದರು. ಕೋಟಿನ ತೋಳು ಅವನ ಬೆರಳನ್ನೂ ನುಂಗಿತ್ತು. ತಾತನ ಭಾಷಣಗಳನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದವರು ಅಕ್ಕ. ಊಟದ ಮೇಜಿನಲ್ಲಿ ಅಪ್ಪನ ಜೊತೆ ಬಜೆಟ್ಟಿನ ಮೇಲೆ ಜಗಳವಾಡುತ್ತಿದ್ದವರೂ ಅವರೇ. ಆದರೆ ಅವರಿಗೆ ಯಾರೂ ಕೋಟು ತೊಡಿಸಲಿಲ್ಲ. ಹೆಣ್ಣುಮಗಳು, ಮನೆಯ ಸಿಂಹಾಸನದ ಧೂಳು ಒರೆಸಲು ಸಾಕು, ಕೂರಲು ಬೇಡ. ವಾಡಿಕೆಯಂತೆ ಡಮ್ಮಿ ಅಭ್ಯರ್ಥಿಯಾಗಿ ಮಾತ್ರ ಅವರಿಂದ ನಾಮಪತ್ರ ಹಾಕಿಸಿದ್ದರು. ಮುಖ್ಯ ಅಭ್ಯರ್ಥಿಗೆ ಏನಾದರೂ ಆದರೆ ಇರಲಿ ಎಂದು.

ನಾಮಪತ್ರ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ ಮೂರರೊಳಗೆ ತಮ್ಮ ಬಂದು ಸಹಿ ಹಾಕಬೇಕಿತ್ತು. ಬೆಳಗ್ಗೆ ಪಾದಯಾತ್ರೆಗೆ ಹೋದವನು ಬರಲೇ ಇಲ್ಲ. ಯಾವುದೋ ಬೀದಿಯಲ್ಲಿ ಮೋರಿ ಕಟ್ಟಿದೆ ಎಂದು ಯಾರೋ ಮುದುಕಿ ಗೊಣಗಿದಳಂತೆ. ಇವನು ಪ್ಯಾಂಟು ಮಡಚಿ ಇಳಿದೇಬಿಟ್ಟನಂತೆ. ಜೊತೆಯಲ್ಲಿದ್ದ ಕಾರ್ಯಕರ್ತರು ಕೊಚ್ಚೆ ಸಿಡಿದದ್ದೇ ತಡ, ದಿಕ್ಕಾಪಾಲು. ಹಿರಿಯರೆಲ್ಲ ಚುನಾವಣಾ ಕಚೇರಿಯಲ್ಲಿ ಬೋನಿಗೆ ಬಿದ್ದ ಹುಲಿಯ ಹಾಗೆ ಶತಪಥ ಹಾಕುತ್ತಿದ್ದರು.

ಅಕ್ಕ ಬೆಂಚಿನ ಮೇಲೆ ಕೂತು ಗೋಡೆ ಗಡಿಯಾರ ನೋಡುತ್ತಿದ್ದರು. ಬರಲಪ್ಪಾ ಎಂದು ತುಟಿ ಹೇಳುತ್ತಿತ್ತು. ಬರಬೇಡವೋ, ಬರಬೇಡವೋ ಎಂದು ಎದೆ ಬಡಿದುಕೊಳ್ಳುತ್ತಿತ್ತು. ಮೂರು ಹೊಡೆಯಿತು. ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದ. ಹಿರಿಯರೆಲ್ಲ ಒಟ್ಟಿಗೆ ತಿರುಗಿ, ಮೊದಲ ಸಲ ಕಂಡವರ ಹಾಗೆ ಅವರನ್ನು ನೋಡಿದರು.

ಮಾರನೆಯ ದಿನ ಪತ್ರಿಕೆಗಳು ತಮ್ಮನನ್ನು 'ಮೋರಿ ದೊರೆ' ಎಂದು ಕರೆದು ನಕ್ಕವು. ಆ ಹೆಸರು ಅಂಟಿಕೊಂಡಿತು. ಅವನು ಮೋರಿಯ ಬೀದಿಯಲ್ಲೇ ಬಾಡಿಗೆ ಮನೆ ಹಿಡಿದ, ಕೊಚ್ಚೆಯಲ್ಲಿ ಕಾಲು ಕೊಯ್ದುಕೊಂಡಾಗ ಪಟ್ಟಿ ಕಟ್ಟಿದ ನರ್ಸನ್ನೇ ಮದುವೆಯಾದ, ಬಕೆಟ್ಟು ಗುರುತಿನಲ್ಲಿ ಪಕ್ಷೇತರನಾಗಿ ವಾರ್ಡಿನ ಸದಸ್ಯನಾದ. ಸಾಯುವವರೆಗೂ ಅದಕ್ಕಿಂತ ಒಂದು ಮೆಟ್ಟಿಲೂ ಮೇಲೆ ಹತ್ತಲಿಲ್ಲ.

ಅಕ್ಕ ಹತ್ತಿದರು. ಆದರೆ ಪ್ರತಿ ಸಲ ಪ್ರಮಾಣವಚನ ತೆಗೆದುಕೊಳ್ಳುವಾಗಲೂ ಆ ಗಡಿಯಾರ ಕಿವಿಯಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು.

*

ಹೊರಗೆ ಶವವಾಹನದ ಜೊತೆ ಗುದ್ದಾಟ ಇನ್ನೂ ಮುಗಿದಿರಲಿಲ್ಲ. ಒಳಗೆ ಕಾಯುತ್ತಿದ್ದವರು, ಕಾಯುವವರು ಎಲ್ಲೆಡೆ ಮಾಡುವಂತೆ, ಮಾತಿಗೆ ಇಳಿದಿದ್ದರು.

"ಅವತ್ತೊಂದು ದಿನ ಮೋರಿಗೆ ಇಳೀದೇ ಇದ್ದಿದ್ರೆ," ಎಂದ ದರ್ಜಿ, "ಇವತ್ತು ಪ್ರಧಾನಿ ಆಗಿರ್ತಿದ್ರು."

"ಆಗಿದ್ರೆ ದೇಶದ ಗತಿ?" ಎಂದಳು ಹೆಂಡತಿ. "ಒಂದು ಕೆಲಸ ಹಿಡಿದ್ರೆ ಇನ್ನೊಂದು ನೆನಪಿರ್ತಿರ್ಲಿಲ್ಲ. ಒಲೆ ಮೇಲೆ ಹಾಲಿಟ್ಟು ಬೀದಿ ದೀಪ ಉರೀತಿದ್ಯಾ ಅಂತ ನೋಡೋಕೆ ಹೋಗೋರು."

"ಯುದ್ಧ ಮಾತ್ರ ಆಗ್ತಿರ್ಲಿಲ್ಲ ನೋಡಿ. ಗಡಿಗೆ ಹೋಗಿ, 'ಏನ್ರಪ್ಪಾ, ನೀರು ಯಾವ ಕಡೆ ಹರಿಯುತ್ತೆ?' ಅಂತ ಬಗ್ಗಿ ನೋಡ್ತಾ ನಿಲ್ಲೋರು. ಎರಡೂ ಕಡೆ ಸೈನಿಕರು ಕಾದು ಕಾದು ಸಾಕಾಗಿ ಟೀ ಕುಡಿದು ಮನೆಗೆ ಹೋಗೋರು."

ಸಾವಿನ ಮನೆ ಎಂಬುದನ್ನು ಮರೆತು ನಾಲ್ಕಾರು ಜನ ನಕ್ಕರು. ದರ್ಜಿ ಮಾತ್ರ ನಗುತ್ತಾ ನಗುತ್ತಾ ಅಳತೊಡಗಿದ. ವಾರ್ಡಿನ ಪ್ರತಿ ಚುನಾವಣೆಯಲ್ಲೂ ಮೋರಿ ದೊರೆಯ ಎದುರು ನಿಂತು ಸೋತವನು ಅವನೇ. "ಸೋಲ್ಸಿದ ದಿನ ಸಂಜೆ ತಾವೇ ಅಂಗಡಿಗೆ ಬಂದು 'ಮುಂದಿನ ಸಲ ನೋಡ್ಕೊಳ್ಳೋಣ ಕಣಯ್ಯಾ' ಅನ್ನೋರು. ಇನ್ನು ನಾನು ಯಾರ ಹತ್ರ ಸೋಲಲಿ?" ಎಂದು ಅಳತೆ ಟೇಪಿನ ತುದಿಯಿಂದಲೇ ಕಣ್ಣೊರೆಸಿಕೊಂಡ.

ಮೂಲೆಯಲ್ಲಿ ಕೂತಿದ್ದ ಮುದುಕನೊಬ್ಬ ಗಂಟಲು ಸರಿಮಾಡಿಕೊಂಡ. ಬೀದಿಯ ಹಳೆಯ ಪ್ಲಂಬರ್. "ಇಳೀದೇ ಇದ್ದಿದ್ರೆ ಅಂತೀರಲ್ಲ," ಎಂದ, "ಅವರು ಬರೋ ಹೊತ್ತಿಗೆ ಕಟ್ಟಿದ್ದ ಮೋರಿ ಮುಕ್ಕಾಲು ಭಾಗ ಬಿಟ್ಟಾಗಿತ್ತು. ಜೊತೆಗೆ ಇದ್ದದ್ದು ನಾನು, ನಂಗೊತ್ತಿಲ್ವಾ?"

ಅಕ್ಕ ತಲೆಯೆತ್ತಿದರು. "ಏನಂದ್ರಿ?"

"ಹೌದಮ್ಮಾ. ಸ್ವಲ್ಪ ಕೆದಕಿದ ತಕ್ಷಣ ನೀರು ಗಳಗಳ ಅಂತ ಹರೀತು. 'ಆಯ್ತು ಸ್ವಾಮಿ, ಮೇಲೆ ಬನ್ನಿ' ಅಂದೆ. 'ಗಂಟೆ ಎಷ್ಟು?' ಅಂದ್ರು. ಎರಡು ದಾಟಿದೆ ಅಂದೆ. 'ಹಾಗಾದ್ರೆ ಇನ್ನೊಂದು ಸಲ ಕಟ್ಟಪ್ಪಾ' ಅಂದ್ರು."

"ಏನು ಕಟ್ಟೋದು?"

"ಮೋರಿ! ತೆಗೆದ ಕಸಾನೆಲ್ಲ ವಾಪಸ್ ತುಂಬ್ಸಿದ್ರು ನನ್ ಕೈಲಿ. ಮತ್ತೆ ಇಬ್ರೂ ಕೂತು ತೆಗೆದ್ವಿ. ಹುಚ್ಚು ಹಿಡಿದಿದ್ಯಾ ಸ್ವಾಮಿ ಅಂದಿದ್ದಕ್ಕೆ ನಕ್ಕುಬಿಟ್ರು. 'ನಮ್ಮನೇಲಿ ಒಂದು ಕೋತಿ ಇದೆ ಕಣಪ್ಪಾ. ಚಿಕ್ಕಂದಿನಿಂದ ಅದಕ್ಕೆ ಮರ ಹತ್ತೋ ಆಸೆ. ನಾನು ಕೆಳಗೆ ಅಡ್ಡ ನಿಂತಿದ್ರೆ ಯಾರೂ ಹತ್ತಿಸಲ್ಲ' ಅಂದ್ರು. ಮೂರು ಹೊಡೆದ ಮೇಲೇನೇ ಮೇಲೆ ಬಂದು ಕೈಕಾಲು ತೊಳೆದದ್ದು." ಮುದುಕ ತಲೆಯಾಡಿಸಿದ. "ಎಂಥಾ ಕೋತಿ ಸಾಕಿದ್ರೋ, ಇವತ್ತಿಗೂ ತಿಳೀಲಿಲ್ಲ ನಂಗೆ."

ಅಕ್ಕ ಪೆಟ್ಟಿಗೆಯ ಕಡೆ ನೋಡಿದರು. ಮೇಲಕ್ಕೆದ್ದ ಆ ತುಟಿಯ ತುದಿ ಹಾಗೇ ಇತ್ತು. ಅವರ ಗಂಟಲಿನಿಂದ ಹೊರಟದ್ದು ಅಳುವೋ ನಗುವೋ ತಿಳಿಯುವ ಮುಂಚೆಯೇ ಅದು ದೊಡ್ಡ ನಗುವಾಯಿತು, ಕೊನೆಗೆ ಬಿಕ್ಕಳಿಕೆಯಾಗಿ ನಿಂತಿತು. ಬಾಗಿಲಲ್ಲಿದ್ದ ಟಿ.ವಿ.ಯವನು ಕ್ಯಾಮೆರಾ ಎತ್ತಿದ. ಹೆಂಡತಿ ಆಸ್ಪತ್ರೆಯ ದನಿಯಲ್ಲಿ "ಹೊರಗೆ" ಎಂದಳು. ಅವನು ಹೋದ.

"ಕಳ್ಳ," ಎಂದರು ಅಕ್ಕ ಪೆಟ್ಟಿಗೆಯೊಳಕ್ಕೆ ಬಗ್ಗಿ. "ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ? ಹೊಟ್ಟೆಗೆ ಅನ್ನ ತಿಂತಿದ್ದೆ ತಾನೇ?"

ಅಷ್ಟರಲ್ಲಿ ಕಾರ್ಯದರ್ಶಿ ಒಳಗೆ ಓಡಿಬಂದ. "ಮೇಡಂ, ಗಾಡಿ ಬಿಡಿಸ್ಕೊಂಡ್ವಿ. ಆದ್ರೆ ಒಳಗಂತೂ ಬರಲ್ಲ. ಕಂಬ ಕೀಳೋಕೆ ಹೇಳಿದೀನಿ."

"ಕಂಬ ಮುಟ್ಟಿದ್ರೆ ನೋಡು," ಎಂದರು ಅಕ್ಕ. "ಬ್ಯಾಂಡಿನವರನ್ನ ಮನೆಗೆ ಕಳ್ಸು. ಉದ್ಯಾನಕ್ಕೆ ಫೋನ್ ಮಾಡಿ ಬೇಡ ಅನ್ನು. ಇವನು ಇಲ್ಲೇ ಇರ್ತಾನೆ, ನೀರು ನಿಲ್ಲದ ಕಡೆ."

"ಮೇಡಂ, ಭಾಷಣ? 'ಇವರು ಮನಸ್ಸು ಮಾಡಿದ್ದಿದ್ದರೆ ದೇಶದ ಚುಕ್ಕಾಣಿ' ಅಂತ ಚೆನ್ನಾಗಿ ಬಂದಿತ್ತು..."

"ಅವನು ಮನಸ್ಸು ಮಾಡಿದ್ದೇ ಇದು ಕಣಯ್ಯಾ."

*

ಪೆಟ್ಟಿಗೆ ಹೆಗಲ ಮೇಲೆ ಹೊರಟಿತು. ಮುಂದೆ ದರ್ಜಿ, ಅವನ ಪಕ್ಕಕ್ಕೆ ಅಕ್ಕ. ಬೇಡ ಎಂದರೂ ಕೇಳಲಿಲ್ಲ. ಹಿಂದೆ ಬೀದಿಯ ಗಂಡಸರು. ಹೆಂಡತಿ ಪಕ್ಕದಲ್ಲೇ ನಡೆಯುತ್ತಾ, "ಬೆನ್ನು ನೆಟ್ಟಗಿಡಿ, ಮಂಡಿಯಿಂದ ಭಾರ ತಗೊಳ್ಳಿ," ಎಂದು ಎಲ್ಲರಿಗೂ ಸೂಚನೆ ಕೊಡುತ್ತಿದ್ದಳು.

ಕೂಡುರಸ್ತೆಗೆ ಬಂದದ್ದೇ ಜಗಳ ಶುರುವಾಯಿತು. ಮಾರುಕಟ್ಟೆ ರಸ್ತೆ ಹತ್ತಿರ ಎಂದು ಕೆಲವರು. ಶಾಲೆಯ ರಸ್ತೆಯಲ್ಲಿ ಮಕ್ಕಳು ಸಾಲಾಗಿ ನಿಂತು ಕಾಯುತ್ತಿದ್ದಾರೆ ಎಂದು ಕೆಲವರು. ನೀನು ಯಾರು ಹೇಳೋಕೆ, ನೀನು ಯಾರು ಕೇಳೋಕೆ ಎಂದು ದನಿ ಏರಿತು. ಪೆಟ್ಟಿಗೆ ನಡುರಸ್ತೆಯಲ್ಲಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿ ನಿಂತಿತು.

"ಕೂಗಾಡಬೇಡ್ರೀ, ಕೈ ಎತ್ತಿ!" ಎಂದ ದರ್ಜಿ. "ಮಾರುಕಟ್ಟೆ ರಸ್ತೆ ಅನ್ನೋರು?"

ಅಕ್ಕನ ಹೆಗಲು ಆಗಲೇ ಉರಿಯುತ್ತಿತ್ತು. ಹತ್ತಿರದ ದಾರಿ ಎಂದು ಕೇಳಿದ್ದೇ ತಡ, ಅವರು ಒಂದು ಕೈಯನ್ನು ಮೇಲಕ್ಕೆತ್ತಿದರು. ದರ್ಜಿಯೂ ಎತ್ತಿದ. ಅವನ ಹಿಂದೆ ಹೊತ್ತಿದ್ದವರು ಎರಡೂ ಕೈ ಎತ್ತಿಬಿಟ್ಟರು. ಪೆಟ್ಟಿಗೆ ಗಡಕ್ಕನೆ ಒಂದು ಕಡೆ ವಾಲಿತು.

"ಒಂದೇ ಕೈ! ಒಂದೇ ಕೈ ಎತ್ರಯ್ಯಾ!" ಎಂದು ಹೆಂಡತಿ ಕೂಗಿದಳು.

"ಶಾಲೆ ರಸ್ತೆ?"

ಹಿಂದಿನಿಂದ, ಪಕ್ಕದಿಂದ, ಮಹಡಿಗಳ ಮೇಲಿನಿಂದ ಕೈಗಳೆದ್ದವು. ಎಣಿಸುವ ಪ್ರಮೇಯವೇ ಬರಲಿಲ್ಲ. ಯಾವ ಚುನಾವಣೆಯಲ್ಲೂ ಸೋತು ಗೊತ್ತಿಲ್ಲದ ಅಕ್ಕ, ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದರು.

"ಮೊದಲ್ನೇ ಸಲ ಅಲ್ವಾ?" ಎಂದ ಪಕ್ಕದಲ್ಲಿದ್ದ ದರ್ಜಿ, ತಗ್ಗಿದ ದನಿಯಲ್ಲಿ. "ಸ್ವಲ್ಪ ಹೊತ್ತು ಉರಿಯುತ್ತೆ. ಆಮೇಲೆ ಏನೂ ಆಗಲ್ಲ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಪೆಟ್ಟಿಗೆಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡು ಶಾಲೆಯ ಸುತ್ತಿನ ದಾರಿಗೆ ತಿರುಗಿದರು.