ಅತ್ತೆಯ ಸ್ಕ್ಯಾನ್ ಡಿಸ್ಕ್ ತೆರೆಯದ ಶನಿವಾರ

ಇಂಗ್ಲೆಂಡಿನ ಹಾರ್ಬೋರ್ನಿನ ಕನ್ನಡದವರು ನನ್ನ ಬೆನ್ನ ಹಿಂದೆ ನನ್ನನ್ನು ಲಿನಕ್ಸ್ ದಿವಾಕರ ಎನ್ನುತ್ತಾರೆ. ಹೊಗಳಿಕೆಯಲ್ಲ. ವೃತ್ತಿಯಿಂದ ನಾನು ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರು. ಆದರೆ ಯಾರ ಮನೆಗೆ ಊಟಕ್ಕೆ ಹೋದರೂ ಪಾಯಸ ಬಡಿಸುವಷ್ಟರಲ್ಲಿ, ಕಂಪ್ಯೂಟರಿಗೆ ವಿಂಡೋಸ್ ಬಿಡಿ, ಲಿನಕ್ಸ್ ಹಾಕಿಕೊಳ್ಳಿ ಎಂದು ಪ್ರವಚನ ಶುರುಮಾಡಿರುತ್ತೇನೆ. ಅಂಥ ನನಗೆ ಆ ಶನಿವಾರ ತಕ್ಕ ಶಾಸ್ತಿಯಾಯಿತು.

ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ಮಹಾದೇವಿಯವರ ಹೊಟ್ಟೆಯ ಸ್ಕ್ಯಾನ್ ಒಂದು ಡಿಸ್ಕ್‌ನಲ್ಲಿತ್ತು. ಮೇದೋಜೀರಕದ ಮೇಲೆ ಏನೋ ನೆರಳು ಕಾಣುತ್ತಿದೆ, ತಜ್ಞರು ನೋಡಲಿ ಎಂದು ಅಲ್ಲಿಯವರು ಬರೆದಿದ್ದರು. ಶೆಫೀಲ್ಡ್‌ನಲ್ಲಿ ಸ್ಕ್ಯಾನ್ ಓದುವ ಡಾಕ್ಟರಾಗಿರುವ ನನ್ನ ಸಹಪಾಠಿ ಹಂಸಾ, ಶನಿವಾರ ನಾಲ್ಕರೊಳಗೆ ಚಿತ್ರಗಳನ್ನು ಕಳಿಸಿದರೆ ನೋಡುತ್ತೇನೆ, ಆಮೇಲೆ ವಾರವಿಡೀ ಪುರುಸೊತ್ತಿಲ್ಲ ಎಂದಿದ್ದಳು. ಕ್ಯಾನ್ಸರ್ ಎಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಡಿಸ್ಕ್ ಹಾಕಿದೆ. ಮೌಂಟ್ ಆಗಲಿಲ್ಲ, ಅಂದರೆ ತೆರೆದುಕೊಳ್ಳಲಿಲ್ಲ. ಡ್ರೈವಿನಲ್ಲಿ ಡಿಸ್ಕೇ ಇಲ್ಲ ಎಂದಿತು ಕಂಪ್ಯೂಟರ್. ಎಲಾ ಇದರ, ನನ್ನ ಕಣ್ಣೆದುರೇ ನುಂಗಿ ಇಲ್ಲ ಅನ್ನುತ್ತದಲ್ಲ! ನನಗೆ ಗೊತ್ತಿದ್ದ ಆಜ್ಞೆಗಳನ್ನೆಲ್ಲ ಟೈಪ್ ಮಾಡಿದೆ. ಗೊತ್ತಿಲ್ಲದವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಟೈಪ್ ಮಾಡಿದೆ. ಯಾವನೋ ಪುಣ್ಯಾತ್ಮ ಹೇಳಿದನೆಂದು ಡ್ರೈವರ್‌ಗಳನ್ನು ಕಿತ್ತು ಮತ್ತೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಡಿಸ್ಕ್ ತೆರೆಯುವುದಿರಲಿ, ಸ್ಪೀಕರಿನ ಸದ್ದೂ ನಿಂತುಹೋಯಿತು.

ಆಸ್ಪತ್ರೆಯ ಡ್ಯೂಟಿಯಿಂದ ಹೆಂಡತಿ ವಿಜಯಾ ಫೋನ್ ಮಾಡಿದಳು.

“ರೀ, ಎದುರುಮನೆ ಅಭಯ್ ಹತ್ರ ವಿಂಡೋಸ್ ಲ್ಯಾಪ್‌ಟಾಪ್ ಇದೆ. ಅಲ್ಲಿ ಹಾಕಿ ನೋಡಿ.”

“ಇನ್ನೊಂದ್ ಹತ್ ನಿಮಿಷ ಕಣೇ.”

“ಬೆಳಿಗ್ಗೇನೂ ಇದೇ ಹತ್ ನಿಮಿಷ ಹೇಳಿದ್ರಿ. ನಿಮ್ ಜಂಬಕ್ಕಿಷ್ಟು ಬೆಂಕಿ ಹಾಕ! ನಮ್ಮಮ್ಮನ ಜೀವ ರೀ ಅದು.”

ಫೋನ್ ಇಟ್ಟುಬಿಟ್ಟಳು. ಮೂರು ವರ್ಷ ಅಭಯನಿಗೆ ಉಪದೇಶ ಮಾಡಿದವನು ನಾನು. ಈಗ ಅವನ ಬಾಗಿಲು ತಟ್ಟುವುದೆಂದರೆ ಜುಟ್ಟು ಅವನ ಕೈಗೆ ಕೊಟ್ಟ ಹಾಗೆ. ಹೋಗಲಿಲ್ಲ.

ಮೂರು ಗಂಟೆಗೆ ಅತ್ತೆ ಕಾಫಿ ತಂದರು. ಸ್ವಲ್ಪ ಹೊತ್ತು ನಿಂತು ನೋಡಿದರು.

“ಅಳಿಯಂದ್ರೇ, ಅದರ ಒಳಗೇನಾದ್ರೂ ಸಿಕ್ಕಾಕೊಂಡಿದ್ಯಾ ನೋಡಿದ್ರಾ?”

“ಒಳಗೇನಿರುತ್ತೆ ಅತ್ತೆ?”

“ಅಲ್ಲ, ಮೊನ್ನೆ ಆಯುಧಪೂಜೇಲಿ ನೀವೇ ಆ ಡಿಸ್ಕ್ ಇಡೋ ತಟ್ಟೆ ಆಚೆ ಬರಿಸಿ, ನೋಡಿ ಅತ್ತೆ, ಕಂಪ್ಯೂಟರೇ ಕೈಯೊಡ್ಡುತ್ತೆ ಅಂತ ಅಕ್ಷತೆ, ಕುಂಕುಮ ಹಾಕಿದ್ರಲ್ಲ?”

ಅಯ್ಯೋ ಶಿವನೇ! ಟಾರ್ಚ್ ಬಿಟ್ಟು ನೋಡಿದೆ. ಮೂಲೆಯಲ್ಲಿ ಮೂರು ಅಕ್ಕಿಕಾಳು, ಡಿಸ್ಕ್ ಓದುವ ಲೆನ್ಸಿನ ಮೇಲೆ ಕುಂಕುಮ. ರೋಗಿಯನ್ನು ಮುಟ್ಟಿ ನೋಡದೆ ಔಷಧಿ ಬರೆಯಬೇಡಿ ಎಂದು ಕಿರಿಯ ಡಾಕ್ಟರುಗಳಿಗೆ ಬೈಯುವ ಮಹಾನುಭಾವ ನಾನೇ. ಚಿಮಟದಿಂದ ಕಾಳು ತೆಗೆದು, ಸ್ಪಿರಿಟ್ ಹತ್ತಿಯಿಂದ ಲೆನ್ಸ್ ಒರೆಸಿ ಡಿಸ್ಕ್ ಹಾಕಿದೆ. ಒಂದೇ ಸಲಕ್ಕೆ ಮೌಂಟ್ ಆಯಿತು.

ಪರದೆಯ ಮೇಲೆ ಅತ್ತೆಯ ಹೆಸರಿನ ಫೋಲ್ಡರ್. ಒಂದು ಸಲ ಒತ್ತಿದರೆ ಸಾಕು. ನನ್ನ ಬೆರಳು ಏಳಲಿಲ್ಲ. ಅಭಯನ ಮನೆಗೆ ಹೋಗದಿದ್ದುದು ಬರೀ ಜಂಬದಿಂದಲ್ಲ ಎಂದು ಆಗ ಗೊತ್ತಾಯಿತು. ಆ ಡಿಸ್ಕ್ ತೆರೆದುಕೊಳ್ಳುವುದೇ ನನಗೆ ಬೇಡವಾಗಿತ್ತು. ಹದಿನೆಂಟು ವರ್ಷ ಡಾಕ್ಟರಿಕೆ ಮಾಡಿದವನು ಹೆದರಿ ಕೂತಿದ್ದೆ.

ಅತ್ತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಎಲ್ಲಿ ಒತ್ಬೇಕು ತೋರಿಸಿ, ನಾನೇ ಒತ್ತೀನಿ. ನಂದೇ ಹೊಟ್ಟೆ ತಾನೇ?”

ತೋರಿಸಿದೆ. ಒತ್ತಿದರು. ಚಿತ್ರಗಳನ್ನು ಹಂಸಾಗೆ ಕಳಿಸಿದೆ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅವಳ ಫೋನ್ ಬಂತು.

“ನೀರುಗುಳ್ಳೆ ಕಣೋ, ಕ್ಯಾನ್ಸರ್ ಅಲ್ಲ. ವರ್ಷಕ್ಕೊಂದ್ ಸಲ ಸ್ಕ್ಯಾನ್ ಮಾಡಿಸಿದ್ರೆ ಸಾಕು.”

ಥ್ಯಾಂಕ್ಸ್ ಹೇಳಲು ಹೋಗಿ ಗಳಗಳನೆ ಅತ್ತುಬಿಟ್ಟೆ. ಅತ್ತೆ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಹಂಸಾಗೆ ಒಳ್ಳೆಯದಾಗಲಿ ಎಂದು ಹರಸಿದರು. ಆಮೇಲೆ ಮಗಳಿಗೆ ಫೋನ್ ಮಾಡಿದರು.

“ನಂಗೇನೂ ಇಲ್ವಂತೆ ವಿಜಯಾ. ಕೆಲಸ ಮುಗಿದ ತಕ್ಷಣ ಬಂದ್ಬಿಡು, ನಿನ್ ಗಂಡಂಗೆ ಸ್ವಲ್ಪ ಧೈರ್ಯ ಹೇಳ್ಬೇಕು.”