ಎರಡು ಹಿಮ್ಮಡಿಗಳ ನಡುವೆ

ನೀರು ಇಳಿಯುವ ಸದ್ದು, ಪಕ್ಕದಲ್ಲಿ ಯಾರೋ ಕೂತು ಮೆಲ್ಲಗೆ ಚಹಾ ಹೀರಿದ ಹಾಗೆ, ಅಂದರೆ ಸೊಸೆ ಗದ್ದೆಯ ನೀರು ತಡೆದಿದ್ದ ಹಲಗೆ ಎತ್ತಿಯೇಬಿಟ್ಟಳು, ಪೈರು ಹಸಿರಾಗಿರುವಾಗಲೇ ಭತ್ತದ ಗದ್ದೆ ಒಣಗಿಸುವುದಂತೆ, ನಾನು ಈ ಮನೆಗೆ ಬಂದಾಗಿನಿಂದ ಇಲ್ಲಿ ನೀರು ನಿಂತೇ ಇತ್ತು — ನಿಂತ ನೀರಿನ ಕೆಸರಲ್ಲಿ ಗ್ಯಾಸ್ ಹುಟ್ಟುತ್ತೆ ಅತ್ತೆ, ಮೇಲೆ ಹೋಗಿ ಭೂಮಿನ ಕಾಯಿಸುತ್ತೆ, ನಡುವೆ ಒಂದ್ಸಲ ಒಣಗಿಸಿದ್ರೆ ಬೇರಿಗೂ ಗಾಳಿ — ಆಯ್ತಮ್ಮ, ಒಣಗಿಸು, ಆದರೆ ಕಪ್ಪೆಮರಿಗಳು? ಅದನ್ನು ಕೇಳಿದವಳೂ ಅವಳೇ, ನಾನಲ್ಲ, ಊಟದ ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕೂತು, ಅವಕ್ಕಿನ್ನೂ ಕಾಲು ಬಂದಿಲ್ಲ, ನೀರು ಹೋದ್ರೆ ಎಲ್ಲಿಗೆ ಹೋಗ್ತವೆ, ಕಪ್ಪೆ ಇಲ್ದಿದ್ರೆ ಹುಳ ಯಾರು ತಿಂತಾರೆ, ನೀವಾ, ಎಂದು ನನ್ನ ಮಗನನ್ನು ಕೇಳಿದಳು, ಅವನು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡ, ಬುದ್ಧಿವಂತ. ಹೀಗಾಗಿ ಗದ್ದೆಯ ಅಂಚಿಗೆ ಮೊಣಕಾಲಾಳದ ಕಾಲುವೆ, ಒಳ್ಳೆ ಮಣ್ಣಿನ ನಾಲ್ಕು ಸಾಲು ಭತ್ತ ಹೋಯಿತು, ನನ್ನ ಹೊಟ್ಟೆ ಉರಿಯಿತು, ನೀರಿಳಿದಂತೆ ಮರಿಗಳು ಅಲ್ಲಿಗೆ ಸರಿಯುತ್ತವಂತೆ, ಸರಿಯುತ್ತಲೂ ಇವೆ, ಒಪ್ಪಬೇಕಾದ್ದೇ — ಅಯ್ಯೋ, ಗದ್ದೆಯ ನಡುವೆ ಹೋದ ವರ್ಷ ಟ್ರ್ಯಾಕ್ಟರ್ ಹೂತ ತಗ್ಗು, ಮರೆತೇ ಹೋಗಿತ್ತು ಎಲ್ಲರಿಗೂ, ಅಲ್ಲಿ ಒಂದಿಷ್ಟು ನೀರು, ನೀರಿಗಿಂತ ಬಾಲವೇ ಹೆಚ್ಚು, ಹಲಗೆ ಹಾಕಿಬಿಡೇ ಎಂದೆ, ಹಾಕಿದ್ರೆ ಗದ್ದೆ ಒಣಗಲ್ಲ ಅತ್ತೆ, ನಾಳೆಯಿಂದ ಮಳೆ, ಆಮೇಲೆ ತೆನೆ ಕಟ್ಟುತ್ತೆ, ಆಗ ನೀರು ಬೇಕೇ ಬೇಕು, ಹಾಗಾದ್ರೆ ಅವು ಸಾಯ್ಲಿ ಬಿಡು ಎಂದರೆ ಅದೂ ಆಗಲ್ಲವಂತೆ. ಎರಡೂ ಬೇಕು ಇವಳಿಗೆ, ಎರಡಕ್ಕೂ ಮೈ ಬಗ್ಗಿಸುತ್ತಾಳೆ, ಅಲ್ಲೇ ನಾನು ಸೋಲುವುದು, ಗುದ್ದಲಿ ಕೊಟ್ಟರೆ ಬೇಡವಂತೆ, ಬೇರು ಕಡಿಯುತ್ತದೆ, ಪ್ಯಾಂಟು ಮಡಚಿ ಇಳಿದಳು, ತಗ್ಗಿನಿಂದ ಕಾಲುವೆಯ ಕಡೆಗೆ ಸಾಲಿನ ನಡುವೆ ಹಿಮ್ಮಡಿಯೂರಿ ಹಿಂದೆ ಹಿಂದೆ ನಡೆಯುತ್ತಾಳೆ, ಕೆಸರಲ್ಲಿ ಗೀರು, ಗೀರಿನಲ್ಲಿ ನೀರು, ಬಿಸಿಲಿಗೆ ಕತ್ತು ಕೆಂಪಾಗಿದೆ, ಇವಳು ನಮ್ಮ ಮನೆಗೆ ಬಂದದ್ದು ನಮ್ಮ ಪುಣ್ಯ, ಬಾಯಿಬಿಟ್ಟು ಹೇಳಿದರೆ ತಲೆಯ ಮೇಲೆ ಕೂರುತ್ತಾಳೆ, ಹೇಳುವುದಿಲ್ಲ. ಕಾಲುವೆಯ ಬಾಯಲ್ಲಿ ಮಣ್ಣು ಕುಸಿದು ಗೀರು ಮುಚ್ಚಿತು, ತೆಗೆದಳು, ಮತ್ತೆ ಮುಚ್ಚಿತು, ಈಗ ಎರಡೂ ಹಿಮ್ಮಡಿ ಅಗಲಿಸಿ ಮಣ್ಣನ್ನು ಒತ್ತಿ ನಿಂತಿದ್ದಾಳೆ, ತಿರುಗಿದರೆ ಕುಸಿಯುತ್ತದೆ, ಅವಳಿಗೆ ಹಿಂದಿನದು ಕಾಣಿಸದು, ಅತ್ತೆ, ಹೋಗ್ತಿವೆಯಾ, ನೋಡಿ ಹೇಳಿ, ನಾನು ಬದುವಿನಲ್ಲಿ ಮಂಡಿಯೂರಿ ಬಗ್ಗಿದೆ, ಬರೀ ಕೆಸರು ನೀರು, ಅತ್ತೆ, ಹೇಳಿ, ಇರೇ, ಇರು, ಎರಡು ಹಿಮ್ಮಡಿ, ನಡುವೆ ಒಂದು ಕಪ್ಪು ಬಾಲ, ಹೋಯಿತು, ಎರಡು ಹಿಮ್ಮಡಿ, ನಡುವೆ ಇನ್ನೊಂದು, ಇನ್ನೊಂದು