ಇಪ್ಪತ್ನಾಲ್ಕನೆಯ ಕದ

ಕೆಮ್ಮಿನ ಸಿರಪ್‌ನ ಲೇಬಲ್‌ನಲ್ಲಿ 'ಚೆನ್ನಾಗಿ ಅಲುಗಾಡಿಸಿ ಬಳಸಿ' ಎಂಬ ಸಾಲು ಒಂದು ಕೂದಲಷ್ಟು ಕೆಳಗೆ ಜಾರಿ ಕೂತಿತ್ತು. ಕಂಪ್ಯೂಟರಿನ ಪರದೆಯಲ್ಲಿ ಅವಳು ಅದನ್ನು ಮೇಲೆತ್ತಿ, ಇಳಿಸಿ, ಮತ್ತೆ ಎತ್ತುತ್ತಿದ್ದಾಗ ಅವಳ ಅಕ್ಕನ ಮಗಳು ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಪ್ರೆಸ್ಸಿನೊಳಗೆ ಬಂದಳು. ಚಿಕ್ಕಂದಿನಿಂದಲೂ ಒಂದು ಕಡೆ ಕೂತವಳಲ್ಲವೆಂದು ಮನೆಮಂದಿಯೆಲ್ಲ ಈ ಹುಡುಗಿಯನ್ನು ಅಳಿಲು ಎಂದೇ ಕರೆಯುವುದು. ಇಪ್ಪತ್ತೇಳು ತುಂಬಿದರೂ ಆ ಹೆಸರು ಬಿಟ್ಟಿಲ್ಲ.

"ಚಿಕ್ಕಮ್ಮಾ, ಐದೇ ನಿಮಿಷ."

"ನಿನ್ನ ಐದು ನಿಮಿಷ ನಂಗೆ ಗೊತ್ತಿಲ್ವಾ? ಕೂತ್ಕೋ. ಈ ಸಾಲೊಂದು ಕೂರಿಸ್ಬಿಡ್ತೀನಿ."

ಇಪ್ಪತ್ತೆಂಟು ವರ್ಷದಿಂದ ಅವಳು ಇದೇ ಕುರ್ಚಿಯಲ್ಲಿ ಕೂತು ಲೇಬಲ್ ಮಾಡುತ್ತಿದ್ದಾಳೆ. ಸಿರಪ್, ಮುಲಾಮು, ಫಿನಾಯಿಲ್, ಬೂಟ್ ಪಾಲಿಶ್. ಬಾಟಲಿಯೊಳಗೆ ಏನಿದೆಯೆಂದು ಹೊರಗಿನಿಂದಲೇ ಹೇಳುವುದು ಅವಳ ಕಸುಬು. ಫಿನಾಯಿಲ್ ಬಾಟಲಿ ಹಿಡಿದವರು ಅರೆಕ್ಷಣ ಅನುಮಾನಪಟ್ಟರೂ ತಪ್ಪು ತನ್ನದೇ ಎಂದು ಅವಳು ನಂಬಿದ್ದಳು.

ಅಳಿಲು ಲ್ಯಾಪ್‌ಟಾಪ್ ತೆರೆದಳು. ಅವಳೂ ಅವಳ ಗೆಳತಿಯೂ ಸೇರಿ ಎರಡು ವರ್ಷದಿಂದ ಕಟ್ಟಿದ ವಿಡಿಯೋ ಗೇಮ್ ಅದು. ಒಬ್ಬ ಹೆಂಗಸಿಗೆ ತನ್ನ ಕೈಚೀಲದಲ್ಲಿ ತನ್ನದಲ್ಲದ ಒಂದು ಕೀಲಿಕೈ ಸಿಗುತ್ತದೆ. ಅವಳಿರುವ ಕಟ್ಟಡದಲ್ಲಿ ಇಪ್ಪತ್ನಾಲ್ಕು ಮನೆ. ಒಂದೊಂದೇ ಕದ ತಟ್ಟಿ 'ಇದು ನಿಮ್ಮದಾ?' ಎಂದು ಕೇಳುತ್ತ ಹೋಗಬೇಕು. ಆಟದ ಹೆಸರೇ 'ಇಪ್ಪತ್ನಾಲ್ಕು ಕದ'.

"ಶುಕ್ರವಾರ ಆನ್‌ಲೈನ್ ಅಂಗಡಿಗೆ ಹಾಕ್ಬೇಕು ಚಿಕ್ಕಮ್ಮ. ಅಲ್ಲಿ ನಮ್ಮಂಥ ಸಣ್ಣಪುಟ್ಟೋರ ಆಟ ಸಾವಿರಗಟ್ಟಲೆ ಇರುತ್ತೆ. ಜನ ಹೆಬ್ಬೆರಳಲ್ಲಿ ಸರಸರ ಸರಿಸ್ತಾ ಹೋಗ್ತಾರೆ. ಕವರ್ ನೋಡಿ ನಿಂತ್ರೆ ಉಂಟು, ಇಲ್ಲಾಂದ್ರೆ ಇಲ್ಲ."

"ಹೋದ ಸಲದ ಆಟ ಏನಾಯ್ತು?"

"ಯಾರೂ ಮುಟ್ಲೇ ಇಲ್ಲ. ಚೆನ್ನಾಗಿಲ್ಲ ಅಂತಲ್ಲ, ನೋಡ್ಲೇ ಇಲ್ಲ." ಅಳಿಲು ಉಗುರು ಕಚ್ಚಿದಳು. "ಇದೂ ಹಂಗೇ ಆದ್ರೆ ನನ್ನ ಗೆಳತಿ ಬೇರೆ ಕೆಲಸಕ್ಕೆ ಸೇರ್ಕೊಳ್ತಾಳೆ. ಒಬ್ಳೇ ನಂಗಾಗಲ್ಲ. ಅಲ್ಲಿಗೆ ಮುಗೀತು."

ಅಳಿಲೇ ಬರೆದಿದ್ದ ಮುಖಚಿತ್ರ ಸುಂದರವಾಗಿಯೇ ಇತ್ತು. ಇಡೀ ಕಟ್ಟಡ, ಇಪ್ಪತ್ನಾಲ್ಕು ಕಿಟಕಿ, ಪ್ರತಿ ಕಿಟಕಿಯಲ್ಲೂ ಒಬ್ಬರು, ಮೆಟ್ಟಿಲ ಮೇಲೆ ಬೆಕ್ಕು, ಮೇಲೆ ಚಂದ್ರ, ಕೆಳಗೆ ಬೆನ್ನು ತೋರಿಸಿ ನಿಂತ ನಾಯಕಿ.

"ಅಂಗಡೀಲಿ ಎಷ್ಟು ದೊಡ್ಡದಾಗಿ ಕಾಣುತ್ತೆ ಇದು?"

"ಫೋನಲ್ಲಾದ್ರೆ ಅಂಚೆಚೀಟಿಗಿಂತ ಒಂಚೂರು ದೊಡ್ಡದು."

ಅವಳು ಅದನ್ನು ಅಷ್ಟೇ ಅಳತೆಗೆ ಪ್ರಿಂಟ್ ತೆಗೆದು, ಎದುರು ಗೋಡೆಯ ಕಪಾಟಿನಲ್ಲಿದ್ದ ಮುಲಾಮು ಡಬ್ಬಿಗಳ ಸಾಲಿನಲ್ಲಿ ಸಿಕ್ಕಿಸಿ ಬಂದಳು. ಪ್ರತಿ ಲೇಬಲ್‌ಗೂ ಅವಳು ಇಡುವ ಪರೀಕ್ಷೆ ಇದೇ.

"ಈಗ ನೋಡು. ಏನು ಕಾಣುತ್ತೆ?"

"ಕಟ್ಟಡ."

"ನಿಜ ಹೇಳು."

ಅಳಿಲು ಕಣ್ಣು ಕಿರಿದು ಮಾಡಿದಳು. "ಇರುವೆ ಮುತ್ತಿರೋ ಬಿಸ್ಕತ್ತು."

ಇಬ್ಬರೂ ನಕ್ಕರು. ಅಳಿಲಿನ ನಗು ಬೇಗ ನಿಂತಿತು. "ಯಾರನ್ನ ತೆಗೀಲಿ ಚಿಕ್ಕಮ್ಮ? ಅಷ್ಟೂ ಜನಾನ ನಾನೇ ಸಾಕಿದೀನಿ."

"ಇದನ್ನ ಇಲ್ಲಿ ಬಿಟ್ಟು ಹೋಗು. ಆಟಾನೂ ಬಿಟ್ಟು ಹೋಗು."

ಮೊದಲ ದಿನ ಅವಳು ಮಾಡಿದ್ದು ತನಗೆ ಗೊತ್ತಿದ್ದ ಕೆಲಸವನ್ನೇ. ನೀಲಿ ಹಿನ್ನೆಲೆ, ನಡುವೆ ಹಳದಿಯ ಒಂದು ದೊಡ್ಡ ಕೀಲಿಕೈ. ಅಡ್ಡ ಮಾತಿಲ್ಲ, ಮೋಸವಿಲ್ಲ. ಅಂಗಡಿಯಲ್ಲಿದ್ದ ಬೇರೆ ಇಪ್ಪತ್ತು ಆಟಗಳ ಕವರನ್ನೂ ಪ್ರಿಂಟ್ ತೆಗೆದು, ಎಲ್ಲವನ್ನೂ ಮನೆಯ ಫ್ರಿಜ್ ಬಾಗಿಲಿಗೆ ಅಂಟಿಸಿದಳು. ಗಂಡ ನೀರು ಕುಡಿಯಲು ಬಂದ.

"ರೀ, ಯಾವುದರ ಮೇಲೆ ಕಣ್ಣು ಬಿತ್ತು?"

"ಈ ಹಸಿರು ಕಪ್ಪೆ."

"ಈ ಕೀಲಿಕೈ?"

"ಅದಾ? ಬೀಗದ ಕಂಪನಿ ಜಾಹೀರಾತು ಅಂದ್ಕೊಂಡೆ."

ಅವಳಿಗೆ ಬೇಸರವಾಗಲಿಲ್ಲ, ಕುತೂಹಲವಾಯಿತು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಚಿತ್ರ ಇದ್ದುದನ್ನು ಇದ್ದ ಹಾಗೆ ಹೇಳಿತ್ತು. ಆದರೂ ಯಾರೂ ನಿಲ್ಲುವುದಿಲ್ಲವೆಂದರೆ ಏನರ್ಥ?

ಬುಧವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಅವಳು ಆಟಕ್ಕೆ ಕೂತಳು. ಹುಟ್ಟಿದ ಮೇಲೆ ಇದೇ ಮೊದಲು. ಮೊದಮೊದಲು ನಾಯಕಿಯನ್ನು ಗೋಡೆಗೆ ಹೋಗಿ ಹೋಗಿ ಗುದ್ದಿಸಿದಳು, ಒಂದು ಸಲ 'ಅಯ್ಯೋ ಪಾಪ' ಎಂದೂ ಅಂದಳು. ಆಮೇಲೆ ಬೆರಳು ಪಳಗಿತು. ಮೊದಲ ಕದದ ಹಿಂದೆ ಒಬ್ಬ ಮುದುಕ ಸೂಜಿಗೆ ದಾರ ಪೋಣಿಸಿಕೊಡು ಎಂದ. ಎರಡನೆಯದರ ಹಿಂದೆ ಜಗಳವಾಡುತ್ತಿದ್ದ ಅಕ್ಕತಂಗಿಯರು 'ನೀವೇ ಹೇಳಿ, ತಪ್ಪು ಯಾರದು?' ಎಂದು ಅವಳನ್ನೇ ಹಿಡಿದುಕೊಂಡರು. ಕೀಲಿಕೈ ಯಾರದೂ ಅಲ್ಲ. ಪ್ರತಿ ಕದದ ಮುಂದೆಯೂ ನಾಯಕಿಯ ಕೈ ಮೇಲೇಳುತ್ತಿತ್ತು. ತಟ್ಟಲು ಗುಂಡಿ ಒತ್ತಿದ ಮೇಲೂ ಒಂದು ಉಸಿರಿನಷ್ಟು ಹೊತ್ತು ಗಾಳಿಯಲ್ಲೇ ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ತಾನು ಕುರ್ಚಿಯಿಂದ ಮುಂದಕ್ಕೆ ಬಾಗುತ್ತಿದ್ದೇನೆಂದು ಅವಳಿಗೆ ತಿಳಿದದ್ದು ಏಳನೆಯ ಕದದಲ್ಲಿ, ಹಾಲು ಉಕ್ಕಿದ ವಾಸನೆ ಬಂದಾಗ.

ಒಲೆ ಒರೆಸುತ್ತಲೇ ಅಳಿಲಿಗೆ ಫೋನ್ ಮಾಡಿದಳು. "ತಟ್ಟೋ ಮುಂಚೆ ಆ ಕೈ ಯಾಕೆ ನಿಲ್ಲುತ್ತೆ?"

"ಅದಾ? ಒಳಗಿನ ಕೋಣೆ ಲೋಡ್ ಆಗೋಕೆ ಟೈಮ್ ಬೇಕು, ಅದಕ್ಕೆ ನಿಲ್ಸಿದ್ವಿ. ಸಾರಿ ಚಿಕ್ಕಮ್ಮ, ಎಷ್ಟು ಒದ್ದಾಡಿದ್ರೂ ತೆಗೆಯೋಕಾಗ್ಲಿಲ್ಲ."

"ತೆಗೆದಿದ್ರೆ ನಿನ್ನ ಕಿವಿ ಹಿಂಡ್ತಿದ್ದೆ. ಕೊನೇ ಕದದ ಹಿಂದೆ ಏನಿದೆ?"

"ಹೇಳ್ಲಾ?"

"ಬೇಡ ಬೇಡ, ಫೋನಿಡು."

ಫಿನಾಯಿಲ್ ಬಾಟಲಿಗೂ ಇದಕ್ಕೂ ಇರುವ ವ್ಯತ್ಯಾಸ ಅವಳಿಗೆ ಆಗ ಹೊಳೆಯಿತು. ಒಳಗೇನಿದೆ ಎಂದು ಇಲ್ಲಿ ಹೇಳಬಾರದು. ಒಳಗೇನೋ ಇದೆ ಎಂದಷ್ಟೇ ಹೇಳಬೇಕು. ಇಪ್ಪತ್ತೆಂಟು ವರ್ಷದ ಕೈಗೆ ಈ ಮಾತು ಅಷ್ಟು ಸುಲಭವಾಗಿ ಒಗ್ಗಲಿಲ್ಲ. ಕದದ ಚಿತ್ರವನ್ನು ಎರಡು ಸಲ ಬರೆದು ಎರಡು ಸಲವೂ ಅದನ್ನು ಅರ್ಧ ತೆರೆದುಬಿಟ್ಟಳು. ಮೂರನೆಯ ಸಲ ಮುಚ್ಚಿದಳು.

ಕೈ ಹೇಗಿರುತ್ತದೆಂದು ನೋಡಲು ಅಡುಗೆಮನೆಯ ಕಪಾಟಿನ ಮುಂದೆ ಎಡಗೈ ಎತ್ತಿ, ಬಲಗೈಯಲ್ಲಿ ಫೋನ್ ಹಿಡಿದು ನಿಂತಿದ್ದಾಗ ಗಂಡ ಬಂದ.

"ಏನೇ, ಒಳಗೆ ಯಾರಿದಾರೆ?"

"ಅದೇ, ನೋಡ್ಬೇಕು."

ಫೋಟೋದಲ್ಲಿ ತನ್ನ ಕೈ ಕಂಡು ಅವಳಿಗೆ ಅಚ್ಚರಿಯಾಯಿತು. ಗೆಣ್ಣುಗಳು ಇಷ್ಟು ದಪ್ಪವಾದದ್ದು ಯಾವಾಗ? ನುಣುಪು ಮಾಡಲು ಹೊರಟವಳು ಚಿತ್ರವನ್ನು ಅಂಚೆಚೀಟಿಯಷ್ಟು ಕಿರಿದು ಮಾಡಿ ನೋಡಿ ಕೈಬಿಟ್ಟಳು. ಗೆಣ್ಣಿನ ನೆರಳಿದ್ದರೇನೇ ಅದು ಕೈ, ಇಲ್ಲದಿದ್ದರೆ ರೊಟ್ಟಿಚೂರು. ಆಟದ ಹೆಸರಿನ ಒತ್ತಕ್ಷರಗಳು ಕಿರಿದಾದಾಗ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆಂದು ಸಿರಪ್ ಬಾಟಲಿಗಳು ಎಂದೋ ಕಲಿಸಿದ್ದವು. ಅವುಗಳ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟಳು. ಸಾಸಿವೆ ಬಣ್ಣದ ಮುಚ್ಚಿದ ಕದ, ಅದರ ಕೆಳಸಂದಿಯಲ್ಲಿ ಒಂದು ಗೆರೆ ಬೆಳಕು, ಕದಕ್ಕೆ ಒಂದು ಬೆರಳು ದೂರದಲ್ಲಿ ನಿಂತ ಕೈ. ಅಷ್ಟೆ.

ಗುರುವಾರ ಸಂಜೆ ಫ್ರಿಜ್ಜಿನ ಮೇಲೆ ಕೀಲಿಕೈ ಇದ್ದ ಜಾಗದಲ್ಲಿ ಅದನ್ನು ಅಂಟಿಸಿ, ಏನೂ ಗೊತ್ತಿಲ್ಲದವಳಂತೆ ಪಾತ್ರೆ ತೊಳೆಯುತ್ತ ನಿಂತಳು. ಗಂಡ ಬಂದು ಫ್ರಿಜ್ಜಿನ ಹಿಡಿಕೆಗೆ ಕೈ ಹಾಕಿದ. ತೆರೆಯಲಿಲ್ಲ.

"ಇವಳ್ಯಾಕೆ ತಟ್ತಿಲ್ಲ?"

ಅವಳು ನಲ್ಲಿ ನಿಲ್ಲಿಸಿದಳು.

"ಒಳಗೆ ಯಾರಿದಾರೆ?"

"ನಂಗೂ ಗೊತ್ತಿಲ್ಲ."

"ನೀನೇ ಬರೆದಿದ್ದಲ್ವೇನೇ?" ಎಂದು ಅವನು ನೀರು ಕುಡಿಯುವುದನ್ನೇ ಮರೆತು ಹೋದ.

ಶುಕ್ರವಾರ ಅಳಿಲು ಬಂದು ಪರದೆಗೆ ಮೂಗು ತಾಗುವಷ್ಟು ಬಾಗಿ ಚಿತ್ರ ನೋಡಿದಳು. ಆಮೇಲೆ ಬಲಗಡೆಯ ಕೆಳಮೂಲೆಯ ಮೇಲೆ ಬೆರಳಿಟ್ಟಳು. "ಇಲ್ಲಿ ಮಾತ್ರ ಏನೂ ಇಲ್ವಲ್ಲ ಚಿಕ್ಕಮ್ಮ? ಕದದ ಮರದ ಗೆರೇನೂ ಇಲ್ಲ."

ನೋಡಿದರೆ ಹೌದು. ಹೆಬ್ಬೆರಳಿನಷ್ಟು ಜಾಗ ಬೋಳು.

"ಅಯ್ಯೋ! ಬ್ಯಾಚ್ ನಂಬರ್ ಒತ್ತೋಕೆ ಬಿಟ್ಟಿದೀನಿ ಕಣೇ!"

ಎಲ್ಲ ಲೇಬಲ್‌ಗಳಲ್ಲೂ ಆ ಮೂಲೆ ಖಾಲಿ. ತಯಾರಾದ ದಿನ, ಬ್ಯಾಚ್ ಸಂಖ್ಯೆ ಅಲ್ಲಿ ಕಾರ್ಖಾನೆಯವರು ಮೊಹರು ಒತ್ತಿಕೊಳ್ಳುತ್ತಾರೆ. ಕೈ ತನ್ನಷ್ಟಕ್ಕೆ ತಾನೇ ಬಿಟ್ಟಿತ್ತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವಳು ಮೂಲೆ ತುಂಬಲು ಮೌಸ್ ಹಿಡಿದಾಗ ಅಳಿಲು ಅವಳ ಮಣಿಕಟ್ಟನ್ನೇ ಹಿಡಿದುಕೊಂಡಳು.

"ಮುಟ್ಬೇಡ! ಅಂಗಡಿಯೋರು ರಿಯಾಯಿತಿ ಚೀಟಿ ಅಂಟಿಸೋದು ಅಲ್ಲೇ. ಹೋದ ಆಟದಲ್ಲಿ ನಾಯಕಿ ಮುಖದ ಮೇಲೇ 'ಇಪ್ಪತ್ತು ಪರ್ಸೆಂಟ್ ಕಡಿಮೆ' ಅಂತ ಕೂತಿತ್ತು, ಹಣೆಬರಹದ ಥರ."

ಹೋಗುವಾಗ ಬಾಗಿಲಲ್ಲಿ ತಿರುಗಿ ಕೇಳಿದಳು, "ಇದು ನಂಗ್ಯಾಕೆ ಹೊಳೀಲಿಲ್ಲ?"

"ನಿಂಗೆ ಒಳಗೇನಿದೆ ಅಂತ ಗೊತ್ತಲ್ಲ, ಅದಕ್ಕೆ."

ಭಾನುವಾರ ಮಧ್ಯಾಹ್ನ, ಗಂಡ ಮಲಗಿದ್ದಾಗ, ಅವಳು ಇಪ್ಪತ್ತಮೂರು ಕದ ದಾಟಿ ಕೊನೆಯದರ ಮುಂದೆ ಬಂದು ನಿಂತಳು. ಪಕ್ಕದಲ್ಲಿ ಫೋನ್ ಮಿನುಗಿತು. 'ಜನ ನಿಲ್ತಿದಾರೆ ಚಿಕ್ಕಮ್ಮ! ಹೋದ ಆಟಕ್ಕೆ ಇಡೀ ತಿಂಗಳಲ್ಲಿ ಬಂದೋರು ಇದಕ್ಕೆ ಎರಡೇ ದಿನದಲ್ಲಿ ಬಂದಿದಾರೆ. ನನ್ನ ಗೆಳತಿ ಸದ್ಯಕ್ಕೆ ಎಲ್ಲೂ ಹೋಗಲ್ಲಂತೆ. ನೀನು ಮುಗಿಸಿದ್ಯಾ? ಕೊನೇದು ಹೇಗಿತ್ತು?'

ಅವಳಿಗೆ ಸಮಾಧಾನವಾಯಿತು. ಬೆರಳು ಗುಂಡಿಯ ಮೇಲಿತ್ತು. ಅಡುಗೆಮನೆಯ ಯಾವ ಡಬ್ಬಿಯಲ್ಲಿ ಏನು ಎಷ್ಟಿದೆ ಎಂದು ಅವಳು ಕಣ್ಣುಮುಚ್ಚಿ ಹೇಳಬಲ್ಲಳು. ಗಂಡ ಎದ್ದೊಡನೆ ಯಾವ ಕಡೆ ಮೈಮುರಿಯುತ್ತಾನೆ ಎಂದು ಗೊತ್ತು. ನಾಳೆ ಸಿರಪ್‌ನ ಲೇಬಲ್ ನೋಡಿ ಮಾಲೀಕರು 'ಕೆಂಪು ಇನ್ನೊಂಚೂರು ಜಾಸ್ತಿ ಇರ್ಲಿ' ಅನ್ನುತ್ತಾರೆ, ಅದೂ ಗೊತ್ತು. ಪರದೆಯ ಮೇಲೆ ಕೈ ಎತ್ತಿ ಆ ಹೆಂಗಸು ಕಾಯುತ್ತಿದ್ದಳು. ಕದದ ಕೆಳಗೆ ಬೆಳಕು ಒಂದು ಸಲ ಅಲುಗಿದಂತಾಯಿತು. ಒಳಗೆ ಯಾರೋ ನಡೆದಾಡಿದ ಹಾಗೆ.

ಅವಳು ಬೆರಳನ್ನು ಮೆಲ್ಲಗೆ ಗುಂಡಿಯಿಂದ ತೆಗೆದಳು. ಇದೊಂದು ಹೀಗೇ ಇರಲಿ. ಎಂದಿಗೂ.

ಫೋನ್ ಎತ್ತಿಕೊಂಡು, 'ಆಡ್ತಾ ಇದೀನಿ' ಎಂದು ಬರೆದು ಕಳಿಸಿದಳು. ಒಳಗಿನಿಂದ ಗಂಡ ಆಕಳಿಸುವ ಸದ್ದು ಕೇಳಿತು. ಅವಳು ಟೀಗೆ ನೀರಿಡಲು ಎದ್ದಳು.